ಬುಡ ಕಡಿದರೂ ಬೀಳದ ಮರ

ಮೈನ್‌ಕ್ರಾಫ್ಟ್ ಆಟದಲ್ಲಿ ಮರದ ಬುಡ ಕಡಿದರೆ ಮರ ಬೀಳುವುದಿಲ್ಲ. ಕಡಿದ ತುಂಡು ಕೈಗೆ ಬರುತ್ತದೆ, ಉಳಿದ ಕಾಂಡ ಗಾಳಿಯಲ್ಲೇ ನಿಂತಿರುತ್ತದೆ. ಜಾವಾ ಬಲ್ಲ ಆಟಗಾರನಿಗೆ ಇದನ್ನು ಕಂಡರೆ ಕೈ ತುರಿಸುತ್ತದೆ. ಒಂದೇ ಏಟಿಗೆ ಇಡೀ ಮರ ಉರುಳಬೇಕು; ತನಗೊಬ್ಬನಿಗಲ್ಲ, ಸರ್ವರ್‌ಗೆ ಬಂದವರಿಗೆಲ್ಲ. ಸರ್ವರ್‌ನ ನಡೆ ಬದಲಿಸುವ ಕಿರುಪ್ರೋಗ್ರಾಂ, ಅಂದರೆ ಪ್ಲಗಿನ್ ಬರೆಯುವ ಹುಚ್ಚು ಹತ್ತುವುದು ಹೀಗೆಯೇ.

ಈ ದಾರಿ ತೆರೆದವರು ಆಟದ ಅಭಿಮಾನಿಗಳು. 2010ರ ಕೊನೆಗೆ ಅವರು ಕಟ್ಟತೊಡಗಿದ ‘ಬಕ್ಕಿಟ್’ ಎಂಬ ಪ್ಲಗಿನ್ ವೇದಿಕೆ 2014ರಲ್ಲಿ ಹಕ್ಕುಸ್ವಾಮ್ಯದ ತಕರಾರಿನಲ್ಲಿ ಸಿಕ್ಕಿಕೊಂಡಿತು. ಆದರೂ ಪ್ಲಗಿನ್ ಸರ್ವರ್‌ನೊಡನೆ ಮಾತಾಡಲು ಬಳಸುವ ಅದರ ಎಪಿಐ ಸ್ಪಿಗಾಟ್, ಪೇಪರ್ ಸರ್ವರ್‌ಗಳಲ್ಲಿ ಇಂದಿಗೂ ಜೀವಂತ.

ಮರ ಉರುಳಿಸುವ ಕೆಲಸ ಮೇಲ್ನೋಟಕ್ಕೆ ಸರಳ. ಯಾರಾದರೂ ಬ್ಲಾಕ್ ಒಡೆಯಲು ಹೊರಟರೆ ಸರ್ವರ್ ‘ಬ್ಲಾಕ್ ಬ್ರೇಕ್’ ಎಂಬ ಇವೆಂಟ್ ಹೊರಡಿಸುತ್ತದೆ. ಪ್ಲಗಿನ್ ಅದಕ್ಕೆ ಕಿವಿಗೊಟ್ಟು, ಒಡೆದದ್ದು ಕಾಂಡವೇ ಎಂದು ನೋಡಿ, ಮೇಲಿನ ತುಂಡುಗಳನ್ನೂ ಒಂದೊಂದಾಗಿ ಒಡೆಯುತ್ತದೆ. ಕಂಪೈಲ್ ಮಾಡಿದ ಜಾರ್ ಫೈಲನ್ನು ಪ್ಲಗಿನ್ಸ್ ಫೋಲ್ಡರಿಗೆ ಹಾಕಿ ಸರ್ವರ್ ಶುರುಮಾಡಿದರೆ ಮರ ಬೀಳುತ್ತದೆ. ಆ ಕ್ಷಣದ ಖುಷಿಯೇ ಬೇರೆ!

ನಿಜವಾದ ಸೊಗಸು ಇರುವುದು ಇದರಾಚೆಗೆ. ಅದೇ ಇವೆಂಟನ್ನು ಬೇರೆ ಪ್ಲಗಿನ್ನುಗಳೂ ಕೇಳುತ್ತಿರುತ್ತವೆ. ಜಮೀನು ಕಾಯುವ ಪ್ಲಗಿನ್, ಇದು ಇನ್ನೊಬ್ಬರ ಜಾಗ ಎಂದು ಇವೆಂಟನ್ನು ರದ್ದು ಮಾಡಿರಬಹುದು. ರದ್ದಾದದ್ದನ್ನು ಗೌರವಿಸುವುದು ಮೊದಲ ಪಾಠ. ಎರಡನೆಯದು ಇನ್ನೂ ಸೂಕ್ಷ್ಮ: ಪ್ಲಗಿನ್ ತಾನಾಗಿ ಒಡೆಯುವ ಮೇಲಿನ ತುಂಡುಗಳಿಗೆ ಆಟಗಾರನ ಹೆಸರಿನಲ್ಲಿ ಆ ಇವೆಂಟ್ ಹೊರಡುವುದೇ ಇಲ್ಲ. ಗಡಿಯಾಚೆ ಚಾಚಿದ ಕೊಂಬೆ ಕಾವಲುಗಾರನಿಗೆ ತಿಳಿಯದೆಯೇ ಕಡಿದುಹೋಗುತ್ತದೆ. ಒಳ್ಳೆಯ ಪ್ಲಗಿನ್ ಪ್ರತಿ ತುಂಡಿಗೂ ಅಪ್ಪಣೆ ಕೇಳುತ್ತದೆ.

ಜೊತೆಗೆ ಕಾಲದ ಕಟ್ಟು. ಸರ್ವರ್ ಸೆಕೆಂಡಿಗೆ 20 ಟಿಕ್‌ಗಳ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಟಿಕ್‌ಗೆ 50 ಮಿಲಿಸೆಕೆಂಡು. ಅಷ್ಟರೊಳಗೆ ದನಕರು ನಡೆಯಬೇಕು, ನೀರು ಹರಿಯಬೇಕು, ಎಲ್ಲ ಪ್ಲಗಿನ್ನುಗಳ ಕೆಲಸವೂ ಮುಗಿಯಬೇಕು. ಕಾಡುಮರ ದೊಡ್ಡದಾದರೆ ಕಸುಬು ಬಲ್ಲವನು ಶೆಡ್ಯೂಲರ್ ಹಿಡಿದು, ಟಿಕ್‌ಗೆ ಕೆಲವೇ ತುಂಡುಗಳಂತೆ ಹಂಚಿ ಕಡಿಸುತ್ತಾನೆ. ಮರ ಮೆಲ್ಲಗೆ, ಬುಡದಿಂದ ತುದಿಯವರೆಗೆ ಕರಗುತ್ತಾ ಹೋಗುತ್ತದೆ. ಒಮ್ಮೆಗೇ ಮಾಯವಾಗುವುದಕ್ಕಿಂತ ಇದೇ ಚೆಂದ.

ಜಾವಾ ಕಲಿಯುತ್ತಿರುವವರು ತಮ್ಮ ಲ್ಯಾಪ್‌ಟಾಪಿನಲ್ಲೇ ಪೇಪರ್ ಸರ್ವರ್ ಓಡಿಸಿ, ಈ ಮರದಿಂದಲೇ ಆರಂಭಿಸಲಿ. ಮರ ಉರುಳಿದ ಮೇಲೆ ಗೆಳೆಯನೊಬ್ಬನನ್ನು ಸರ್ವರ್‌ಗೆ ಕರೆದು, ಅವನ ಜಮೀನಿನ ಗಡಿಯಲ್ಲೂ ಒಂದು ಮರ ಕಡಿದು ನೋಡಲಿ.