ಬೆಳಗಾಗುವುದರೊಳಗೆ

ಡೊಂಬಿವಲಿಯಲ್ಲಿ ಮನೆ ಮಾಡಿದ ಹೊಸದರಲ್ಲಿ ಅವ್ವ ಫೋನಿನಲ್ಲಿ ಕೇಳಿದ್ದಳು, "ಕಲ್ಯಾಣದ ಬಾಜೂಕಂತಲ್ಲ, ಬಸವಣ್ಣನ ಕಲ್ಯಾಣ ಹೌದಲ್ಲೋ?" ಅಲ್ಲ, ಇದು 1854ರಲ್ಲೇ ರೈಲು ಕಂಡ ಕಲ್ಯಾಣ ಎಂದೆ. ಆ ರೈಲು ಅವಳಿಗೆ ರುಚಿಸಲಿಲ್ಲ. ಕಳೆದ ಸಲ ಗದಗಿನಿಂದ ಬಂದಾಗ, ಆ ನಿರಾಸೆ ಕಳೆಯಲೆಂದೇ ಅವಳನ್ನು ಕಲ್ಯಾಣದಾಚೆಯ ಅಂಬರನಾಥಕ್ಕೆ ಕರೆದೊಯ್ದೆ.

ವಿಠ್ಠಲವಾಡಿ, ಉಲ್ಹಾಸನಗರ, ಅಂಬರನಾಥ. ಅಲ್ಲಿಂದ ಶೇರ್ ರಿಕ್ಷಾ. ವಾಲಧುನಿ ನದಿಯ ದಂಡೆಯಲ್ಲಿ ಇಳಿದೆವು. ಅದನ್ನು ನದಿ ಎನ್ನುವುದು ಈಗ ಬರೀ ಮರ್ಯಾದೆಗೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗುಡಿ ಕಂಡೊಡನೆ ಸೆರಗು ಇಳಿಯಿತು.

"ನಮ್ಮ ಲಕ್ಕುಂಡಿ ಗುಡಿ ಮಳಿಯಾಗ ನೆನದ್ಹಂಗ ಐತಿ ನೋಡು."

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಎರಡೂ ಹನ್ನೊಂದನೆಯ ಶತಮಾನದವು. ಲಕ್ಕುಂಡಿಯದು ಮೆದುವಾದ ಬಳಪದ ಕಲ್ಲು, ಕೂದಲೆಳೆಯಷ್ಟು ಸಣ್ಣ ಕೆತ್ತನೆಯೂ ನಿಲ್ಲುತ್ತದೆ. ಇಲ್ಲಿಯದು ಸಹ್ಯಾದ್ರಿಯ ಗಡಸು ಕರಿಕಲ್ಲು, ಮೇಲೆ ಕೊಂಕಣದ ಮಳೆ. ಗೋಡೆಯ ದೇವತೆಗಳ ಮೂಗು, ತುಟಿ ಸವೆದಿವೆ. ಸೊಂಟದ ಬಳುಕು ಮಾತ್ರ ಹಾಗೇ ಇದೆ.

ಗರ್ಭಗುಡಿಗೆ ಮೆಟ್ಟಿಲು ಇಳಿಯಬೇಕು. ಮಂಡಿನೋವಿನ ಅವ್ವ ಗೋಡೆ ಹಿಡಿದು ಒಂದೊಂದೇ ಇಳಿದಳು. ಲಿಂಗ ನೆಲದ ಮಟ್ಟಕ್ಕಿಂತ ಕೆಳಗೆ, ನೆತ್ತಿಯ ಮೇಲೆ ಬಯಲು. ಒಳಗಿದ್ದ ಅಜ್ಜರೊಬ್ಬರು ಮರಾಠಿಯಲ್ಲಿ ಹೇಳಿದರು: ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದು, ಮಾಡು ಮುಚ್ಚುವಷ್ಟರಲ್ಲಿ ಬೆಳಗಾಯಿತು, ಅದಕ್ಕೇ ಅಂಬರ ಕಾಣುತ್ತದೆ. ರಾತ್ರೋರಾತ್ರಿ ಕಟ್ಟಡ ಏಳುವುದು ಡೊಂಬಿವಲಿಯವರಿಗೇನೂ ಬೆರಗಲ್ಲ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಬಾಗಿಲ ತೊಲೆಯ ಮೇಲಿನ ಶಾಸನದಲ್ಲಿ ಶಕ 982, ಅಂದರೆ ಕ್ರಿ.ಶ. 1060 ಎಂದಿದೆ, ಶಿಲಾಹಾರ ಅರಸ ಮಾಮ್ವಾಣಿಯ ಹೆಸರಿದೆ ಎಂದೆ. ಅವ್ವ ಹೂಂ ಎಂದಳು. ಆಮೇಲೆ ನನ್ನ ಬತ್ತಳಿಕೆಯ ಬಾಣ ಬಿಟ್ಟೆ. ಈ ಮನೆತನದ ಹಿರಿಯರು ಕವಿರಾಜಮಾರ್ಗದ ಕಾಲದ ಅಮೋಘವರ್ಷನಿಗೆ ಸಾಮಂತರು. ಅವರ ತಾಮ್ರಪಟಗಳು ಸಂಸ್ಕೃತದಲ್ಲಿವೆ, ಆದರೆ ನಡುನಡುವೆ ಬಿರುದುಗಳು ಕನ್ನಡದವು: ಮಲಗಲಗಂಡ, ನನ್ನಿಸಮುದ್ರ. ಠಾಣೆಯ ಸೀಮೆಯನ್ನಾಳಿದ ದೊರೆಗೆ ಸತ್ಯದ ಕಡಲೆಂದು ಹಳಗನ್ನಡದಲ್ಲಿ ಹೊಗಳಿಕೆ! ಇಪ್ಪತ್ತು ವರ್ಷ ಲೋಕಲ್ಲಿನಲ್ಲಿ "ಜರಾ ಸರಕಾ" ಎನ್ನುತ್ತ ಬಂದ ನನಗೆ ಆ ಒಂದು ಶಬ್ದ ಕಿಟಕಿ ಪಕ್ಕದ ಸೀಟು ಸಿಕ್ಕಷ್ಟು ಹಿಗ್ಗು ಕೊಟ್ಟಿತ್ತು. ಹಿಗ್ಗಿನಲ್ಲಿ ಕೊಂಚ ಜಂಬವೂ ಇತ್ತು, ಸಾವಿರ ವರ್ಷದ ಹಿಂದಿನ ಬಾಡಿಗೆ ಚೀಟಿ ಸಿಕ್ಕವನ ಹಾಗೆ.

"ನನ್ನಿ ಅಂದ್ರ?" ಅವ್ವ ಕೇಳಿದಳು.

"ಸತ್ಯ."

"ಖರೇ ಅನ್ನಾಕೇನಾಗಿತ್ತು ಅವ್ರಿಗೆ?"

ಖರೆ ಮರಾಠಿಯಲ್ಲೂ ಖರೆಯೇ. ಅಜ್ಜರು ತಲೆಯಾಡಿಸಿ ನಕ್ಕರು.

ಸಂಜೆ ಮನೆಗೆ ಬಂದು ಕಾಲು ನೀಡಿ ಕೂತವಳೇ ಊರಿನ ಚಿಕ್ಕವ್ವನಿಗೆ ಫೋನು ಹಚ್ಚಿದಳು. ಮಾಮ್ವಾಣಿ ಬರಲಿಲ್ಲ, ಶಕ ಬರಲಿಲ್ಲ, ನನ್ನಿಯೂ ಬರಲಿಲ್ಲ. "ಪಾಂಡವರ ಗುಡಿ ನೋಡಿ ಬಂದ್ವಿ... ಕಲ್ಯಾಣದ ಬಾಜೂಕ. ಮ್ಯಾಲ ಮುಚ್ಚೂದರಾಗ ಹಾಳಾದ ಕೋಳಿ ಕೂಗಿಬಿಟ್ಟೈತಿ."

ಕೋಳಿಯ ವಿಷಯ ಅಜ್ಜರು ಹೇಳಿರಲಿಲ್ಲ.