ಕಾಲ್ಟನ್ ಬೆಟ್ಟದ ಮೇಲೆ ಅಮ್ಮನ ಕಪ್ಪು-ಬಿಳುಪು ಫೋಟೋ

ಊರಿಂದ ಬಂದ ಅಪ್ಪ-ಅಮ್ಮನನ್ನು ಎಡಿನ್‌ಬರೋಗೆ ಕರೆದೊಯ್ದರೆ ಕೋಟೆ ನೋಡಿ ಹಿಂದಿರುಗಬೇಡಿ, ಕಾಲ್ಟನ್ ಬೆಟ್ಟವನ್ನೂ ಹತ್ತಿಸಿ. ಬೆಟ್ಟದ ಪಕ್ಕೆಯಲ್ಲಿರುವ ರಾಕ್ ಹೌಸ್ ಮನೆಯಲ್ಲಿ 1843ರಿಂದ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್‌ಸನ್ ಜನರ ಭಾವಚಿತ್ರ ತೆಗೆಯುತ್ತಿದ್ದರು. ಒಳಗಿನ ಬೆಳಕು ಸಾಲದೆ ಕುರ್ಚಿ, ಪರದೆಗಳನ್ನೆಲ್ಲ ಹೊರಗೆ ತಂದು, ಬಿಸಿಲಲ್ಲಿ ಕೂರಿಸಿ, ಒಳಾಂಗಣದಂತೆ ಕಾಣಿಸುತ್ತಿದ್ದರು!

ನಾವು ಹೋದ ದಿನ ಮೋಡ. ಇಲ್ಲಿ ಎಲ್ಲರೂ ಬೈದುಕೊಳ್ಳುವ ಈ ಮಬ್ಬು ಬೆಳಕೇ ಮುಖಕ್ಕೆ ಹಿತ. ಕಣ್ಣಿನ ಕೆಳಗೆ ಗಾಢ ನೆರಳು ಬೀಳುವುದಿಲ್ಲ. ಮೊಬೈಲನ್ನು ಕಪ್ಪು-ಬಿಳುಪಿಗೆ ಬದಲಿಸಿದರೆ ಅಮ್ಮನ ಹಸಿರು ಸೀರೆ, ಕೆಂಪು ಅಂಚು ಎರಡೂ ಒಂದೇ ಬೂದಿಬಣ್ಣ. “ನನ್ನ ಅಂಚು ಎಲ್ಲಿ ಹೋಯ್ತೇ?” ಅಂದರು. ಬಣ್ಣ ನಂಬುವಂತಿಲ್ಲ, ತಿಳಿ-ಗಾಢಗಳ ವ್ಯತ್ಯಾಸವನ್ನೇ ಹುಡುಕಬೇಕು. ತಿಳಿಬಣ್ಣದ ಶಾಲು ಹೊದಿಸಿ, ಹೊಳೆಯುವ ಆಕಾಶ ಬಿಟ್ಟು, ಹೊಗೆ ಹಿಡಿದ ಹಳೇ ಕಲ್ಲುಗೋಡೆಯ ಮುಂದೆ ನಿಲ್ಲಿಸಿದೆ. ಗೋಡೆಯಿಂದ ಎರಡು ಹೆಜ್ಜೆ ಮುಂದೆ, ಮುಖ ಸ್ವಲ್ಪ ಪಕ್ಕಕ್ಕೆ. ಕೆನ್ನೆಯ ಗೆರೆಗಳು ಎದ್ದು ಬಂದವು. ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಮುಖ ಬೆಳ್ಳಗೆ ಮಾಡುವ ಫಿಲ್ಟರ್ ಮಾತ್ರ ಖಂಡಿತ ಬೇಡ. ಅಜ್ಜಿಯ ಬಣ್ಣ ಮೊಮ್ಮಕ್ಕಳಿಗೆ ಇದ್ದಂತೆಯೇ ಗೊತ್ತಿರಲಿ.

ಅಮ್ಮ ಪಾಸ್‌ಪೋರ್ಟ್ ಫೋಟೋಗೆಂಬಂತೆ ಬಿಗಿದು ನಿಂತಿದ್ದರು. ಮಗಳು “ಅಜ್ಜಿ, ಹುಳಿಪುಡಿಗೆ ಮೆಂತ್ಯ ಎಷ್ಟು?” ಅಂತ ಕೇಳಿದಳು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹೇಳತೊಡಗಿದಾಗ ಕ್ಲಿಕ್ ಮಾಡಿದೆ.

ಮುಂದಿನ ವಾರ ಅವರ ವೀಸಾ ಮುಗಿಯುತ್ತದೆ. ಫೋಟೋದ ಎರಡು ಪ್ರತಿ ಹಾಕಿಸಿದ್ದೇವೆ, ಒಂದು ಮೈಸೂರಿಗೆ.