ಪಾನುಂಗಲ್ಲ ನಾಡಿನಲ್ಲಿ ಮತ್ಸ್ಯವಿನೋದ

ಹಿಂದೆ ಧಾರವಾಡ ಜಿಲ್ಲೆಯ ತೆಂಕಣ ಭಾಗವಾಗಿದ್ದು ೧೯೯೭ರಿಂದ ಹಾವೇರಿ ಜಿಲ್ಲೆಯೆನಿಸಿದ ಪ್ರಾಂತದಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ತಾಲೂಕುಗಳು ನೆರೆಹೊರೆಯಾಗಿರುವುವು. ಮೂಡಲಿಗೆ ಸವಣೂರಿನ ಕಡೆ ಹತ್ತಿ, ಜೋಳಗಳ ಎರೆಭೂಮಿ. ಪಡುವಲಿಗೆ ಹಾನಗಲ್ಲಿನ ಕಡೆ ಅರೆಮಲೆನಾಡು, ಬತ್ತದ ಗದ್ದೆ, ಹಳ್ಳಿಹಳ್ಳಿಗೂ ಕೆರೆ. ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಕದಂಬರ ಒಂದು ಶಾಖೆಯವರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿ ಇಲ್ಲಿಂದ ಆಳಿದರು. ಇದೇ ವಿರಾಟನಗರಿಯೆಂದು ಊರವರು ಹೇಳುವರು. ವಿರಾಟನು ಮತ್ಸ್ಯದೇಶದ ಅರಸು. ಆ ದೇಶವು ಈಗಿನ ರಾಜಸ್ಥಾನದ ಕಡೆಯದೆಂದು ಪಂಡಿತರ ಮತ. ಆದರೂ ಮಳೆಗಾಲದಲ್ಲಿ ಆನೆಕೆರೆಯ ದಡದಲ್ಲಿ ಗಾಳ ಹಿಡಿದು ಕುಳಿತ ಹುಡುಗರ ಸಾಲನ್ನು ನೋಡಿದವರಿಗೆ ಮತ್ಸ್ಯದೇಶವೆಂಬ ಹೆಸರನ್ನು ಇಲ್ಲಿಂದ ಕಿತ್ತುಕೊಳ್ಳಲು ಮನಸ್ಸು ಬಾರದು.

ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಹುಬ್ಬಳ್ಳಿಯಿಂದ ಕುಟುಂಬಸಮೇತ ಊರಿಗೆ ಬಂದಿದ್ದರು. ಅಲ್ಲಿ ಅವರು ಕಾರಕೂನರು. ಮನೆತನ ಅಂಬಿಗರದು, ತಂದೆಯವರು ಎಪ್ಪತ್ತು ದಾಟಿದರೂ ಬಲೆ ಗಾಳಗಳನ್ನು ಬಿಟ್ಟವರಲ್ಲ. ಮನೆಮಂದಿಯೆಲ್ಲ ಮದಗ-ಮಾಸೂರ ಕೆರೆಗೆ ಮೀನು ಹಿಡಿಯಲು ಹೊರಟಾಗ ನಮ್ಮನ್ನೂ ಕರೆದರು. ಮೀನು ನಮ್ಮ ಮನೆಯ ಆಹಾರವಲ್ಲ. ಆದುದರಿಂದ ನಾವು ಒಯ್ದುದು ಒಂದು ಪುಸ್ತಕವನ್ನು ಮಾತ್ರ. ಹನ್ನೆರಡು ವರ್ಷದ ಮೊಮ್ಮಗನು ಹೊರಟಾಗಿನಿಂದ ಮುಖ ಬಾಡಿಸಿಕೊಂಡಿದ್ದನು. ಅಜ್ಜನು ಒಕ್ಕಲುತನದವನೆಂದು ಅವನು ಶಾಲೆಯಲ್ಲಿ ಹೇಳಿಕೊಂಡಿದ್ದನಂತೆ. ಆ ಮಾತು ಹೇಗೋ ಅಜ್ಜನ ಕಿವಿಗೆ ಬಿದ್ದಿತ್ತು. ಮುದುಕರು ಅದನ್ನು ಆಡಿ ತೋರಿಸಲಿಲ್ಲ. ಗಾಳದ ಕೋಲುಗಳನ್ನು ಮಾತ್ರ ಹಳೆಯ ಜಮಖಾನೆಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದರು.

ಈ ಕೆರೆಯನ್ನು ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದರು. ಏರಿಯ ಮೇಲೆ ನಿಂತರೆ ಎದುರಿಗೆ ಹಸಿರು ಗುಡ್ಡ, ಕೆಳಗೆ ಮೋಡದ ಬಣ್ಣದ ನೀರು. ದಡ ಸೇರಿದೊಡನೆ ಹೆಂಗಸರು ರೊಟ್ಟಿಯ ಗಂಟನ್ನು ಮರದ ಬುಡಕ್ಕಿಟ್ಟರು. ಅಜ್ಜನವರು ಎರೆಹುಳುವಿನ ಡಬ್ಬಿಯನ್ನು ತೆರೆದರು. ಎರೆಯೆಂದರೆ ಗಾಳಕ್ಕೆ ಚುಚ್ಚುವ ಆಮಿಷ; ನಮ್ಮ ಸೀಮೆಯಲ್ಲಿ ಕಪ್ಪು ಮಣ್ಣೂ ಎರೆಯೇ. ಹುಳುವಿಗೆ ಹೆಸರು ಯಾವುದರಿಂದ ಬಂದಿತೆಂಬುದನ್ನು ವಾಚಕರೇ ವಿಚಾರಿಸಬಹುದು. ಬೆಂಡು ಜೋಳದ ದಂಟಿನದು, ಹುರಿ ಮಾತ್ರ ಪೇಟೆಯ ನೈಲಾನು.

ಮೀನು ಮುಟ್ಟುವವರೆಗೆ ಹೊತ್ತು ಕಳೆಯಬೇಕಷ್ಟೆ? ನಾವು ಪುಸ್ತಕವನ್ನು ಬಿಚ್ಚಿದೆವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವದು, ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ಅರಸನ ವಿನೋದಗಳನ್ನು ಹೇಳುವಲ್ಲಿ ಮತ್ಸ್ಯವಿನೋದವೆಂದು ಗಾಳದ ಬೇಟೆಗೇ ಒಂದು ಪ್ರಕರಣವುಂಟು. ಕಡಲ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂಬ ವಿಭಾಗ, ಯಾವುದಕ್ಕೆ ಯಾವ ಆಹಾರ, ಹುರಿ ಹೇಗೆ, ಬಡಿಶವೆಂಬ ಕೊಕ್ಕೆ ಹೇಗೆ, ಎಲ್ಲವನ್ನೂ ಆತನು ಬರೆದಿರುವನು. ಇಂಗ್ಲೆಂಡಿನ ಐಝಾಕ್ ವಾಲ್ಟನ್ನನ ಪ್ರಖ್ಯಾತ ಗ್ರಂಥವು ಅಚ್ಚಾದುದು ೧೬೫೩ರಲ್ಲಿ, ಎಂದರೆ ಐದು ಶತಮಾನಗಳು ಕಳೆದ ಮೇಲೆ. ಪಾನುಂಗಲ್ಲು ಆಗ ಸೋಮೇಶ್ವರನ ಸಾಮ್ರಾಜ್ಯದೊಳಗಿನ ನಾಡು. ಆತನಿಗೆ ಸರ್ವಜ್ಞಭೂಪನೆಂಬ ಬಿರುದಿತ್ತು. ತ್ರಿಪದಿಯ ಸರ್ವಜ್ಞನನ್ನು ಹಿರೇಕೆರೂರಿನವರು ತಮ್ಮವನೆನ್ನುವುದು ಬೇರೆಯ ಮಾತು.

ಹುಡುಗನು ಮೆಲ್ಲನೆ ಹತ್ತಿರ ಸರಿದು, “ಎರಿ ಹುಳಾ ರಾಜಾನ ಚುಚ್ಚತಿದ್ದನೇನ್ರಿ?” ಎಂದು ಕೇಳಿದನು. ನಾವು ಉತ್ತರ ಹುಡುಕುವಷ್ಟರಲ್ಲಿ ಅಜ್ಜನವರು ನೀರಿನಿಂದ ಕಣ್ಣು ತೆಗೆಯದೆಯೇ ನುಡಿದರು: “ರಾಜಾಗ ಹೊಟ್ಟಿ ತುಂಬಿತ್ತರೀ ಮಾಸ್ತರ, ವಿನೋದ ಅಂದಾ. ನಮಗ ಇದ ರೊಟ್ಟಿ. ಆದ್ರ ಮೀನಿಗೆ ಮೊದಲ ಉಣ್ಣಾಕ ಹಾಕಬೇಕು ಅಂತ ತಿಳಿದಾನಲ್ಲ, ಅಂವಾ ಬಲ್ಲಾಂವ.” ಎಷ್ಟೋ ವ್ಯಾಖ್ಯಾನಗಳನ್ನು ನಾವು ಓದಿರುವೆವು, ಇಷ್ಟು ಚಿಕ್ಕದನ್ನು ಕಾಣಲಿಲ್ಲ.

ಆ ಮೇಲೆ ಅವರು ಬೆಂಡನ್ನು ಬಿಚ್ಚಿ, ಸೀಸದ ಗುಂಡು ಕಟ್ಟಿ, ಗಾಳವನ್ನು ತಳಮುಟ್ಟ ಇಳಿಸಿದರು. ಮಣಿಕಟ್ಟಿನಿಂದ ಒಂದು ಗೇಣು ಮೇಲಕ್ಕೆತ್ತುವುದು, ತಾನಾಗಿ ಇಳಿಯಬಿಡುವುದು, ತುಸು ನಿಲ್ಲುವುದು, ಮತ್ತೆ ಎತ್ತುವುದು. ಸತ್ತ ಎರೆಯೂ ಮೀನಿನ ಕಣ್ಣಿಗೆ ಜೀವವುಳ್ಳದ್ದಾಗಿ ತೋರಬೇಕು. ಇಳಿಯುವಾಗಲೇ ಮೀನು ಕಚ್ಚುವುದು ಹೆಚ್ಚು. ಆದುದರಿಂದ ಹುರಿ ಸಡಿಲಾದಾಗಲೇ ಬೆರಳು ಎಚ್ಚರವಾಗಿರಬೇಕು. ಉತ್ತರ ಅಮೇರಿಕದ ಆಳವಾದ ಸರೋವರಗಳಲ್ಲಿ ಹಿಮಗಟ್ಟಿದ ನೀರಿಗೆ ರಂಧ್ರ ಕೊರೆದು ಟ್ರೌಟ್ ಎಂಬ ತಣ್ಣೀರ ಮೀನನ್ನು ಹಿಡಿಯುವವರ ಕ್ರಮವೂ ಇದೇ. ಅಲ್ಲಿ ಲೋಹದ ಹೊಳೆಯುವ ತುಂಡು, ಇಲ್ಲಿ ಎರೆಹುಳು. ಮಣಿಕಟ್ಟಿನ ವಿದ್ಯೆ ಒಂದೇ. ಹೊತ್ತು ನೆತ್ತಿಗೇರುವಷ್ಟರಲ್ಲಿ ಎರಡು ಗೆಂಡೆ ಮೀನುಗಳು ಬುಟ್ಟಿ ಸೇರಿದುವು. ಎರಡನೆಯದನ್ನು ಎಳೆದವನು ಹುಡುಗನೇ.

ಈಗ ಅವನಿಗೆ ಹುರುಪೇರಿತು. ಜೊಂಡಿನ ಬಳಿ ನೀರು ಕೆಂಪಗೆ ಕುದಿದಂತೆ ಕಂಡು ಗಾಳವೆತ್ತಿ ಅತ್ತ ಓಡಿದನು. ಕೊರವ ಮೀನಿನ ಮರಿಗಳ ಹಿಂಡದು, ಕೆಂಗೆಂಪಾಗಿ ಮುದ್ದೆಗಟ್ಟಿ ಚಲಿಸುತ್ತಿತ್ತು. ಅಡಿಯಲ್ಲಿ ದೊಡ್ಡ ಮೀನೊಂದರ ಕರಿಯ ಬೆನ್ನು. ತೋಳುದ್ದದ ಮೀನು! ಮುಂದೆ ಗಾಳ ಬಿಟ್ಟರೆ ಅದು ಹಸಿವೆಯಿಂದಲ್ಲ, ಕಾವಲಿನ ಸಿಟ್ಟಿನಿಂದಲೇ ಕಚ್ಚುವುದು. ರೊಟ್ಟಿ ಹಂಚುತ್ತಿದ್ದ ಅಜ್ಜಿಯವರು ಅಲ್ಲಿಂದಲೇ ಕೂಗಿದರು: “ಕೈ ತಡಿಯೋ ತಮ್ಮಾ, ಬಾಣಂತಿ ಐತದು!” ಕೊರವದಲ್ಲಿ ಗಂಡೂ ಮರಿಗಳನ್ನು ಕಾಯುವುದುಂಟೆಂದು ಹೇಳಬೇಕೆಂದಿದ್ದೆವು; ಅಜ್ಜಿಯ ಮುಖವನ್ನು ನೋಡಿ ಸುಮ್ಮನಾದೆವು. ಕಾವಲು ಹೋದರೆ ಮರಿಗಳನ್ನು ಬೇರೆ ಮೀನುಗಳೂ ಹಕ್ಕಿಗಳೂ ಮುಗಿಸಿಬಿಡುವುವು. ಬರುವ ವರ್ಷ ಆ ಜೊಂಡಿನಲ್ಲಿ ಮೀನಿಲ್ಲ. ಹುಡುಗನು ಬಹಳ ಹೊತ್ತು ನಿಂತನು. ಗಾಳದ ತುದಿ ನೀರಿನ ಮೇಲೆಯೇ ಅಲುಗುತ್ತಿತ್ತು. ಅಜ್ಜನವರು ಏನೂ ಹೇಳಲಿಲ್ಲ. ಕಡೆಗೆ ಅವನೇ ಹುರಿ ಸುತ್ತಿಕೊಂಡು ಬಂದು, “ಅಜ್ಜಾ, ಆ ಸೀಸದ ಗಂಟ ಹೆಂಗ ಹಾಕೂದು, ತೋರ್ಸು” ಎಂದನು. ಮುದುಕರು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿ ತೋರಿಸಿದರು.

ಮರುದಿನ ಶಿಗ್ಗಾವಿಯ ಬೀಗರ ಮನೆಗೂ, ಅಲ್ಲಿಂದ ಸವಣೂರಿಗೂ ಹೋದುದಾಯಿತು. ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳನ್ನೂ ನವಾಬರ ಊರಿನ ಮೋತಿ ತಲಾಬನ್ನೂ ನೋಡಿದೆವು. ತಲಾಬಿನ ಬಳಿ ಹುಡುಗನು ಮೊದಲು ಹುಡುಕಿದುದು ಜೊಂಡನ್ನು.

ಈ ಕಡೆಯ ಕೆರೆಗಳಿಗೆ ಗಾಳ ಹಿಡಿದು ಹೋಗಬಯಸುವ ಗೃಹಸ್ಥರು ಮೊದಲು ಊರಲ್ಲಿ ವಿಚಾರಿಸತಕ್ಕದ್ದು. ಅನೇಕ ಕೆರೆಗಳ ಮೀನು ಗುತ್ತಿಗೆಯದು. ಮರಿ ಬಿಟ್ಟು ಬೆಳೆಸಿದವರ ಅಪ್ಪಣೆ ಬೇಕು. ಹುಳು ದಡದ ಹಸಿಮಣ್ಣಿನಲ್ಲಿಯೇ ಸಿಕ್ಕುವುದು. ಏರಿಯ ಕಲ್ಲುಗಳು ಮಳೆಗಾಲದಲ್ಲಿ ಬಹಳ ಜಾರುವುವು. ಮಕ್ಕಳ ಕೈ ಹಿಡಿದಿರಬೇಕು.